ಕುದುರೆ ಸಾಮಾನಿನ ಖೋಲಿ

೧೯೮೬ರಲ್ಲಿ, ಆರನೆಯ ಇಯತ್ತೆ ಅರ್ಧ ಆಗಿರುವಾಗ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕಾಕಾನ ಟಾಂಗಾ ಮನೆ ಮುಂದಿನಿಂದ ಚಿಕ್ಕೋಡಿಗೆ ಹೊರಡುವಾಗ ಪಾಟಿಚೀಲ ಹಿಡಿದು ನಿಂತು ನೋಡುವುದು ನನ್ನಿಂದ ಆಗಲಿಲ್ಲ. ಅಂದಿನಿಂದ ಕುದುರೆ ಬಿಟ್ಟು ಬೇರೆ ಕೆಲಸಕ್ಕೆ ಕೈ ಹಾಕಿಲ್ಲ. ಓದಲು ಬರೆಯಲು ಬರುತ್ತದೆ. ಇದನ್ನು ನನ್ನ ಕೈಯಿಂದಲೇ ಬರೆದಿದ್ದೇನೆ.

ಬರೆಯುತ್ತಿರುವುದು ೨೦೦೯ನೇ ಇಸವಿಯ ಮಳೆಗಾಲದಿಂದ ತುಳಸಿ ಲಗ್ನ ಮುಗಿಯುವವರೆಗಿನ ಸಂಗತಿ. ಒಂದು ಸಣ್ಣ ಖೋಲಿ ಹಸನು ಮಾಡಿದ್ದನ್ನು ಬರೆಯುವುದೇನಿದೆ ಎಂದು ಕೇಳುವವರು ಆ ಖೋಲಿಯನ್ನು ನೋಡಿಲ್ಲ.

ನಮ್ಮದು ಅಂಕಲಿ. ಆಗ ನನ್ನ ಹತ್ತಿರ ಎರಡು ಕುದುರೆ ಇದ್ದವು. ಹೀರಾ ಬಿಳಿ ಹೆಣ್ಣು ಕುದುರೆ, ಕಿರಿದಾದ ಬೆನ್ನು, ಶಾಂತ ಸ್ವಭಾವ. ರಾಜಾ ಕಂದು ಗಂಡು, ಅಗಲ ಬೆನ್ನು, ಮೂಗಿನ ತುದಿಯಲ್ಲೇ ಸಿಟ್ಟು. ಎರಡನ್ನೂ ಲಗ್ನದ ಮೆರವಣಿಗೆಗೆ ಒಯ್ಯುತ್ತಿದ್ದೆ. ಮದುಮಗನನ್ನು ಕೂರಿಸಿಕೊಂಡು ಹನುಮಂತದೇವರ ಗುಡಿಗೆ ಹೋಗಿ ಮಂಟಪಕ್ಕೆ ಮರಳಿ ಬರುವುದು, ಅಷ್ಟೇ ಕೆಲಸ. ಆದರೆ ಜನ ಕೇಳುವುದು ಬಿಳಿ ಕುದುರೆಯನ್ನೇ. ರಾಜಾನನ್ನು ಕೇಳಿದವರು ಕಡಿಮೆ. ನಮ್ಮ ಮನೆ ನಡೆಯುತ್ತಿದ್ದದ್ದು ಹೀರಾಳ ಬೆನ್ನಿನ ಮೇಲೆ.

ಆ ಬೆನ್ನಿಗೆ ಗಾಯವಾಯಿತು.

ಆಷಾಢಕ್ಕೆ ಮುಂಚಿನ ಕೊನೆಯ ಲಗ್ನ, ರಾಯಬಾಗದ ಕಡೆಯ ಒಂದು ಹಳ್ಳಿ. ಮದುಮಗ ಹತ್ತಿ ಕುಳಿತ, ಬೆಂಜೋ ಶುರುವಾಯಿತು. ಹೀರಾ ನಾಲ್ಕು ಹೆಜ್ಜೆ ಇಟ್ಟವಳು ಬೆನ್ನು ತಗ್ಗಿಸಿ, ಹಿಂಗಾಲಿನ ಮೇಲೆ ಕುಸಿದಂತೆ ಮಾಡಿದಳು. ಮದುಮಗ ಅವಳ ಕುತ್ತಿಗೆ ತಬ್ಬಿಕೊಂಡ. ಹಣೆಯ ಬಾಸಿಂಗ ಜಾರಿ ಬಾಯಿಗೆ ಬಂತು.

"ಏ ಮಾಮಾ, ನವರದೇವನ್ನ ಕುದುರಿ ಮ್ಯಾಲ ಕುಂಡ್ರಸ್ರಿ ಅಂದ್ರ ಜೋಕಾಲಿ ಮ್ಯಾಲ ಕುಂಡ್ರಿಸೀರಲ್ಲ!" ಎಂದು ಯಾರೋ ಕೂಗಿದರು. ಬೆಂಜೋ ಬಾರಿಸುವವರೂ ನಕ್ಕರು. ಹುಡುಗನನ್ನು ಇಳಿಸಿ, ನಡೆಸಿಕೊಂಡೇ ಗುಡಿಗೆ ಕರೆದೊಯ್ದರು. ನಾನು ಬೇವಿನ ಗಿಡದ ಕೆಳಗೆ ಜೀನು ಬಿಚ್ಚಿದೆ. ಜೀನಿನ ಕೆಳಗೆ ಹಾಕುವ ಗಾದಿಯ ಒಳಮೈಯಲ್ಲಿ ಪ್ಲಾಸ್ಟಿಕ್ ಚೆಂಡುಹೂವಿನ ಒಂದು ತಂತಿ ಚುಚ್ಚಿಕೊಂಡಿತ್ತು. ಅದರ ನೇರಕ್ಕೆ ಹೀರಾಳ ಬೆನ್ನಿನಲ್ಲಿ ರಕ್ತ.

ಆ ತಂತಿ ಅಲ್ಲಿಗೆ ಹೇಗೆ ಬಂತು ಎಂದು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಅದು ಖೋಲಿಯಿಂದ ಬಂದಿತ್ತು.

ಖೋಲಿ ಎಂಟು ಅಡಿ ಉದ್ದ, ಆರು ಅಡಿ ಅಗಲ. ನಮ್ಮ ಅಜ್ಜನ ಕಾಲದಲ್ಲಿ ಅದರಲ್ಲಿ ತಂಬಾಕು ಇಡುತ್ತಿದ್ದರು. ಒಂದು ಬಾಗಿಲು, ಕಿಟಕಿ ಇಲ್ಲ, ಮೇಲೆ ತಗಡು. ಒಳಗೆ ಏನಿರಲಿಲ್ಲ? ಜೀನುಗಳು ಒಂದರ ಮೇಲೊಂದು. ಗಾದಿಗಳು ಅವುಗಳ ಕೆಳಗೆ, ಗಾದಿಗಳ ಕೆಳಗೆ ಮತ್ತೆ ಗಾದಿ. ಲಗಾಮುಗಳೆಲ್ಲ ಒಂದೇ ಮೊಳೆಗೆ, ಒಂದನ್ನು ಎಳೆದರೆ ಐದು ಬರುತ್ತಿದ್ದವು. ಕುದುರೆಗೆ ಹೊದಿಸುವ ಕನ್ನಡಿ ಹಚ್ಚಿದ ಜೂಲು, ಜರಿ ಕುಚ್ಚು, ಪ್ಲಾಸ್ಟಿಕ್ ಹೂವಿನ ಮಾಲೆ. ಕಾಳಿನ ಚೀಲ, ಎಣ್ಣೆ ಡಬ್ಬಿ, ಹಳೆಯ ನಾಲು. ಕಾಕಾನ ಟಾಂಗಾ ರಸ್ತೆ ಬಿಟ್ಟು ವರ್ಷಗಳಾಗಿದ್ದವು, ಆದರೂ ಅದರ ಸರಂಜಾಮು ಒಂದು ಗೋಡೆ ಪೂರ್ತಿ ತೂಗುತ್ತಿತ್ತು. ಟಾಂಗಾದ ಮುರಿದ ದಾಂಡಿಗಳು, ಅಂದರೆ ಕುದುರೆಯ ಎರಡೂ ಬದಿಗೆ ಬರುವ ಉದ್ದ ಕಟ್ಟಿಗೆಗಳು, ಮೂಲೆಗೆ ಒರಗಿದ್ದವು. ಬೆಳಿಗ್ಗೆ ಲಗ್ನಕ್ಕೆ ಹೊರಡುವಾಗ ಒಳಗೆ ಕೈ ಹಾಕಿ, ಸಿಕ್ಕ ಗಾದಿ ಎಳೆದು, ಎರಡು ಸಲ ಜಾಡಿಸಿ, ಕುದುರೆಯ ಮೇಲೆ ಒಗೆಯುವುದು ನಡೆದು ಬಂದ ರೂಢಿ.

ಮಳೆಯಲ್ಲಿ ಗಾಯ ಕೀವು ಹಿಡಿಯಿತು. ಅರಿಷಿಣ ಬೇವಿನ ಔಷಧಕ್ಕೆ ಜಗ್ಗಲಿಲ್ಲ. ಚಿಕ್ಕೋಡಿಯಿಂದ ಪಶುವೈದ್ಯೆಯನ್ನು ಕರೆಸಿದೆ. ವಯಸ್ಸು ಮೂವತ್ತರ ಒಳಗೆ. ಗಾಯ ತೊಳೆದು, ಸೂಜಿ ಚುಚ್ಚಿ, ಕೈ ಒರೆಸಿಕೊಂಡು, "ಜೀನ ಎಲ್ಲಿ ಇಡತೀರಿ ತೋರಸ್ರಿ," ಅಂದರು. ನಾನು ಖೋಲಿಯ ಬಾಗಿಲು ತೆರೆದೆ. ಅವರು ಒಳಗೆ ಕಾಲಿಡಲಿಲ್ಲ, ಇಡಲು ಜಾಗವೂ ಇರಲಿಲ್ಲ. ಮೇಲಿನ ಗಾದಿಯೊಂದನ್ನು ಎತ್ತಿ ಮೂಸಿ ನೋಡಿದರು.

"ಅಣ್ಣಾರ, ಗಾಯ ನಾ ಮಾಯಿಸ್ತೀನಿ. ಆದ್ರ ಈ ಖೋಲಿ ಮತ್ತೊಂದ ಮಾಡತೈತಿ. ಅದಕ್ಕ ನನ್ನ ಕಡೆ ಔಷಧ ಇಲ್ಲ."

"ನಾವು ಮೂರ ತಲಿಯಿಂದ ಕುದುರಿ ಸಾಕಾಕತ್ತೀವ್ರಿ, ಬಾಯಾರ," ಅಂದೆ. ಸಿಟ್ಟು ಬಂದಿತ್ತು.

"ಅದಕ್ಕ ಮೂರ ತಲಿ ಸಾಮಾನ ಒಂದ ಖೋಲ್ಯಾಗ ಐತಿ," ಅಂದು ಅವರು ನಕ್ಕರು. ಹೋಗುವ ಮುಂದೆ ಒಂದು ಮಾತು ಹೇಳಿಕೊಟ್ಟರು. ಸವಾರಿ ಮುಗಿದ ಮೇಲೆ ಜೀನು ಇಳಿಸಿದ ಕೂಡಲೇ ಬೆನ್ನು ನೋಡಬೇಕು. ಬೆವರು ಒಂದೇ ಸಮನಾಗಿ ಇದ್ದರೆ ಜೀನು ಸರಿಯಾಗಿ ಕೂತಿದೆ. ಬೆವರಿನ ನಡುವೆ ಒಣಗಿದ ತುಂಡು ಕಂಡರೆ ಅಲ್ಲಿ ಒತ್ತುತ್ತಿದೆ ಎಂದು ಅರ್ಥ. ಇಂದು ಒಣಗಿದ್ದು, ನಾಳೆ ಗಾಯ.

ಗಣಪತಿ ಕಳಿಸಿದ ಮೇಲೆ ನಿಪ್ಪಾಣಿಯ ಬ್ಯಾಂಡಿನ ಮಾಲಕ ಬಂದ. ಲಗ್ನದವರು ಬ್ಯಾಂಡ್ ಹೇಳುವಾಗಲೇ ಕುದುರೆಯನ್ನೂ ಹೇಳುತ್ತಾರೆ, ಹಾಗಾಗಿ ನನ್ನ ಹಂಗಾಮೆಲ್ಲ ಇವನ ಕೈಯಲ್ಲಿ. ನನಗಿಂತ ಚಿಕ್ಕವನು, ಮಾತು ಉದ್ದ. ಹೀರಾಳ ಬೆನ್ನು ನೋಡಿದ, ಖೋಲಿ ನೋಡಿದ.

"ಮಾಮಾ, ಇದೇನ ಕುದುರಿ ಸಾಮಾನರಿ, ಗುಜರಿ ಅಂಗಡಿ ತಗದೀರಿ?"

"ಮಳಿಗಾಲರಿ ಮಾಲಕ್ರ, ಸ್ವಲ್ಪ ಹರವೇತಿ."

"ಸ್ವಲ್ಪ?" ಅಂದ. "ರಾಯಬಾಗದವ್ರು ನನಗ ಫೋನ್ ಮಾಡಿ ಬೈದಾರ. ನಾ ಮುಚ್ಚಿಡೂದಿಲ್ಲ. ತುಳಸಿ ಲಗ್ನ ಆದ ಮ್ಯಾಲ ಮೊದಲನೇ ಮೆರವಣಿಗಿ ಕಬ್ಬೂರಾಗ ಐತಿ. ಅದಕ್ಕ ನಿಮ್ಮನ್ನ ಕರೀತೀನಿ. ಬೆನ್ನಾಗ ಏನರ ಕಂಡ್ರ, ಮಿರಜದಾಗ ಬಿಳಿ ಕುದುರಿ ಎರಡ ಅದಾವ. ಹಂಗಾಮ ಅವಕ್ಕ."

ಅವನು ಹೋದ ಮೇಲೆ ನನ್ನ ಹೆಂಡತಿ ಚಹಾದ ಬಸಿ ಎತ್ತುತ್ತಾ, "ಬೈಲಿ ಬಿಡ್ರಿ, ನಿಜಾನ ಹೇಳ್ಯಾನ," ಅಂದಳು. ಅವಳ ಮಾತು ಹೆಚ್ಚು ಚುಚ್ಚಿತು.

ಮಳೆ ನಿಂತ ವಾರ ಖೋಲಿ ಪೂರ್ತಿ ಖಾಲಿ ಮಾಡಿದೆ. ಗೋಣಿತಾಟು ಹಾಸಿ ಎಲ್ಲವನ್ನೂ ಅಂಗಳಕ್ಕೆ ತಂದೆ. ಮೂರು ಗುಂಪು ಮಾಡುವುದೆಂದು ವಿಚಾರ: ಬಳಸುವುದು, ರಿಪೇರಿಗೆ ಹೋಗುವುದು, ಒಗೆಯುವುದು. ಸಾಮಾನು ಬಿಸಿಲಿಗೆ ಬಂದಾಗ ನನಗೇ ಹೇಸಿಗೆಯಾಯಿತು. ತೊಗಲಿನ ಮೇಲೆ ಬೂಷ್ಟು ಹಸಿರಾಗಿ ಬೆಳೆದಿತ್ತು. ಒಂದು ಗಾದಿಯೊಳಗೆ ಇಲಿ ಮರಿ ಹಾಕಿತ್ತು. ರಾಜಾನ ಗಾದಿ ಯಾವುದು, ಹೀರಾಳದ್ದು ಯಾವುದು ಎಂದು ಗುರುತೇ ಸಿಗಲಿಲ್ಲ. ಅಗಲ ಬೆನ್ನಿನ ಗಾದಿ ಕಿರಿದಾದ ಬೆನ್ನಿನ ಮೇಲೆ ಎಷ್ಟು ಸಲ ಹೋಗಿತ್ತೋ!

ಕಾಕಾ ಹೊರಸಿನ ಮೇಲೆ ಕುಳಿತು ನೋಡುತ್ತಿದ್ದ. ನನ್ನ ಅಪ್ಪನ ತಮ್ಮ, ಆಗ ಎಪ್ಪತ್ತು ದಾಟಿತ್ತು. ನಾನು ಏನೇ ಒಗೆಯುವ ಗುಂಪಿಗೆ ಹಾಕಿದರೂ ಕೋಲು ಚಾಚಿ ಅದನ್ನು ಎಳೆದುಕೊಳ್ಳುತ್ತಿದ್ದ.

"ಇದು ಬೇಕಾಗತೈತಿ."

"ಯಾತಕ್ಕ ಕಾಕಾ? ಈ ಪಟ್ಟಿ ನಡಕ ತುಂಡ ಆಗೇತಿ."

"ತುಂಡ ಆದ್ದು ಎರಡ ಕೆಲಸಕ್ಕ ಬರತೈತಿ."

ಒಗೆಯುವ ಗುಂಪು ದೊಡ್ಡದಾಗಿಯೇ ಆಯಿತು. ಗುಜರಿಯವನಿಗೆ ಹೇಳಿ ಕಳಿಸಿದೆ. ಹಬ್ಬ ಮುಗಿಸಿ ಬರುತ್ತೇನೆ ಅಂದ. ನಾನು ಅಲ್ಲಿ ತಪ್ಪಿದೆ. ಯಾವ ಹಬ್ಬ ಎಂದು ವಿಚಾರ ಮಾಡಲಿಲ್ಲ.

ದಸರೆಯ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಬೆಳಿಗ್ಗೆ ನಾನು ಗೂಟಕ್ಕೆಂದು ಜಾಲಿ ಕಟ್ಟಿಗೆ ತರಲು ಕಬ್ಬೂರ ಕಡೆ ಹೋಗಿದ್ದೆ. ಪೂಜೆಯ ಹೊತ್ತಿಗೆ ಬರುತ್ತೇನೆ ಎಂದಿದ್ದೆ, ತಡವಾಯಿತು. ಬಂದು ನೋಡಿದರೆ ಅಂಗಳದಲ್ಲಿ ಕಬ್ಬು ಕಟ್ಟಿದ್ದಾರೆ, ಊದುಬತ್ತಿ ಹೊಗೆ ಏಳುತ್ತಿದೆ. ಕುಡುಗೋಲು, ಕೊಡಲಿ, ಜೀನು, ಲಗಾಮು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಒಗೆಯುವ ಗುಂಪಿಗೂ! ಸವಾರ ಕಾಲಿಡುವ ತುಂಡಾದ ರಿಕಾಬಿಗೆ ಕುಂಕುಮ, ಇಲಿ ತಿಂದ ಗಾದಿಗೆ ಕುಂಕುಮ, ತುಕ್ಕು ಹಿಡಿದ ನಾಲುಗಳಿಗೆ ಒಂದೊಂದಕ್ಕೂ ಬೊಟ್ಟು. ಹೆಂಡತಿ ಕೊನೆಯದಕ್ಕೆ ಹಚ್ಚಿ ಬೆರಳು ಒರೆಸಿಕೊಳ್ಳುತ್ತಿದ್ದಳು.

"ಇದಕ್ಯಾಕ ಹಚ್ಚಿದಿ? ಇದು ಒಗಿಯೂದು!"

"ನನಗೇನ ಗೊತ್ತರಿ? ಅಂಗಳದಾಗ ಕಬ್ಬಿಣಾ ತೊಗಲಾ ಇತ್ತು, ಹಚ್ಚಿದೆ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಚಂದ ಅನಸ್ತೈತೇನು?"

ಕಾಕಾ ಹೊರಸಿನಿಂದ ತೀರ್ಪು ಕೊಟ್ಟ. "ಇನ್ನ ಒಗಿಯೂ ಮಾತ ಮುಗೀತು."

ಇದು ನಮ್ಮಲ್ಲಿ ಹೊಸ ಮಾತಲ್ಲ. ಖಂಡೇ ಪೂಜೆಯಲ್ಲಿ ಕುಂಕುಮ ಕಂಡ ಸಾಮಾನನ್ನು ಗುಜರಿಗೆ ಹಾಕುವುದಿಲ್ಲ. ಆ ಹೊತ್ತಿಗೆ ನನಗೆ ಹೊಳೆಯಿತು: ಖೋಲಿ ತುಂಬಿದ್ದೇ ಹೀಗೆ. ಪ್ರತಿ ವರ್ಷ ಹರಿದದ್ದಕ್ಕೂ ಕುಂಕುಮ, ಕುಂಕುಮ ಹಚ್ಚಿದ್ದು ಮತ್ತೆ ಒಳಗೆ. ಅಜ್ಜನ ಕಾಲದಿಂದ ಒಂದು ಬಕಲು ಸಹ ಹೊರಗೆ ಹೋಗಿರಲಿಲ್ಲ.

ಹೊಳೆಗೆ ಬಿಡೋಣ ಎಂದೆ. ಹಳೆಯ ದೇವರ ಫೋಟೊಗಳನ್ನು ನಾವು ಕೃಷ್ಣೆಗೇ ಬಿಡುತ್ತೇವೆ, ಸೇತುವೆ ಹತ್ತಿರದಲ್ಲೇ ಇದೆ. ಕಾಕಾ ಹೌಹಾರಿದ. "ತೊಗಲ ತಗೊಂಡ ಹೋಗಿ ಕೃಷ್ಣವ್ವನ ಮಡಲಾಗ ಹಾಕತಿ? ಕುಡಿಯೂ ನೀರ ಅದು. ತಲಿ ನೆಟ್ಟಗ ಐತೋ ಇಲ್ಲೋ ನಿಂದು?" ಆ ಮಾತು ಸರಿಯೇ ಇತ್ತು.

ಗುಜರಿಯವನು ಬಂದವನು ಕುಂಕುಮ ನೋಡಿ ಕೈಮುಗಿದು, ಸೈಕಲ್ ತಿರುಗಿಸಿಕೊಂಡು ಹೋದ.

ಹೊರಗೆ ಇಟ್ಟರೆ ಇಬ್ಬನಿ, ಹಾಗಾಗಿ ಎಲ್ಲವನ್ನೂ ಮತ್ತೆ ಒಳಗೆ ತುಂಬಿದೆ. ಹುರುಪು ಇಳಿದಿತ್ತು, ಆದರೆ ಕೈ ಕಟ್ಟಿ ಕೂರುವ ಜಾತಿ ನಾನಲ್ಲ. ಇದ್ದುದರಲ್ಲೇ ಒಳ್ಳೆಯ ತೊಗಲಿನ ಸಾಮಾನನ್ನಾದರೂ ಹದ ಮಾಡೋಣ ಎಂದು ಹಸಿ ಬಟ್ಟೆಯಿಂದ ಬೂಷ್ಟು ಒರೆಸಿ, ನೆರಳಿನಲ್ಲಿ ಒಣಗಿಸಿ, ಎಣ್ಣೆ ಹಚ್ಚಿದೆ. ಹಚ್ಚಬೇಕಾಗಿದ್ದು ಔಡಲೆಣ್ಣೆ. ಮನೆಯಲ್ಲಿದ್ದದ್ದು ಶೇಂಗಾ ಎಣ್ಣೆ. ಖರ್ಚು ಉಳಿಯಿತು ಎಂದುಕೊಂಡೆ. ತೊಗಲು ಮೆತ್ತಗಾಗಿ ಹೊಳೆಯಿತು. ಮರುದಿನ ಬಾಗಿಲು ತೆರೆದಾಗ ಹೀರಾಳ ತಂಗು, ಅಂದರೆ ಜೀನನ್ನು ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿ, ನಡುವೆ ಅರ್ಧ ಇರಲಿಲ್ಲ. ಇಲಿಗಳು ಶೇಂಗಾದ ರುಚಿ ಹಿಡಿದು ಊಟ ಮಾಡಿದ್ದವು. ಒಂದು ಲಗಾಮಿನ ಕಿವಿಪಟ್ಟಿಯೂ ಹೋಗಿತ್ತು.

"ಒಗ್ಗರಣಿ ಒಂದ ಹಾಕೂದ ಬಿಟ್ಟಿದ್ರಿ," ಅಂದಳು ಹೆಂಡತಿ.

ನನಗೆ ನಗು ಬರಲಿಲ್ಲ. ತುಳಸಿ ಲಗ್ನ ಹತ್ತಿರ ಬರುತ್ತಿತ್ತು. ಹೀರಾಳ ಗಾಯದ ಮೇಲೆ ಹೊಸ ಚರ್ಮ ಗುಲಾಬಿ ಬಣ್ಣದಲ್ಲಿ ಏಳುತ್ತಿತ್ತು, ಉಗುರು ತಾಗಿದರೆ ಹರಿಯುವಂತಿತ್ತು. ಇದೇ ಖೋಲಿಯಿಂದ ಇನ್ನೊಂದು ಸಲ ಗಾದಿ ಎಳೆದು ಆ ಚರ್ಮದ ಮೇಲೆ ಹಾಕಿದರೆ ಮುಗಿಯಿತು. ಒಂದು ಹಂಗಾಮು ಹೋಗುವುದಷ್ಟೇ ಅಲ್ಲ, ಹುಣ್ಣಾದ ಬೆನ್ನಿನ ಕುದುರೆಯನ್ನು ಯಾರೂ ಲಗ್ನಕ್ಕೆ ಕರೆಯುವುದಿಲ್ಲ. ಮಾರಬೇಕಾಗುತ್ತದೆ. ಅಂಥ ಕುದುರೆಯನ್ನು ಕೊಳ್ಳುವವರು ಎಂಥವರು, ಅದರ ಮೇಲೆ ಏನು ಹೇರುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಆ ದಿನ ಸಂಜೆ ಮುಂದೆ ಕಾಕಾನನ್ನು ಎಬ್ಬಿಸಿ ಹೀರಾಳ ಹತ್ತಿರ ಕರೆದುಕೊಂಡು ಹೋದೆ. ಅವನ ಕೈ ಹಿಡಿದು ಆ ಹೊಸ ಚರ್ಮದ ಸುತ್ತ ಮುಟ್ಟಿಸಿದೆ. ಹೀರಾ ಚರ್ಮ ನಡುಗಿಸಿದಳು. ಕಾಕಾ ಕೈ ಹಿಂದಕ್ಕೆ ತೆಗೆದುಕೊಂಡ.

"ಕಾಕಾ, ನಿನ್ನ ಟಾಂಗಾದ ಕುದುರಿಗೆ ಎಂದರ ಇಂಥಾದ್ದು ಆಗಿತ್ತೇನು?"

"ಆಗಿತ್ತಂದ್ರ ನಾ ಟಾಂಗಾ ಹೊಡಿಯೂದ ಬಿಡತಿದ್ನಿ."

"ಯಾಕ ಆಗಲಿಲ್ಲ?"

"ಒಂದ ಕುದುರಿ, ಒಂದ ಸರಂಜಾಮ, ಒಂದ ಗೂಟ. ಕಣ್ಣ ಮುಚ್ಚಿ ಕೈ ಹಾಕಿದ್ರೂ ಅದರದ್ದ ಅದಕ್ಕ ಸಿಗತಿತ್ತು. ನಿನ್ನಂಗ ಎಲ್ಲಾ ಕಲಸಿ ಮಿಸಳ ಮಾಡಿ ಇಟ್ಟಿರಲಿಲ್ಲ."

"ಮಿಸಳ ಮಾಡಿದ್ದು ನಾ ಅಲ್ಲ, ನಾವೆಲ್ಲಾರೂ. ಕುಂಕುಮ ಹಚ್ಚಿದ್ದನ್ನ ಒಗಿಯೂದಿಲ್ಲ ಅಂತ ನೀ ಹೇಳಿದಿ. ಆತು, ನಾ ಒಗಿಯೂದಿಲ್ಲ. ಆದ್ರ ಖಂಡೇ ಪೂಜಿ ಮಾಡೂದು ದುಡಿಯೂ ಸಾಮಾನಕ್ಕ ಹೌದಲ್ಲೋ? ಕುಂತ ತಿನ್ನೂದಕ್ಕಲ್ಲ. ಒಳಗಿದ್ದದ್ದು ಎಲ್ಲಾನೂ ದುಡೀಬೇಕು. ಜೀನ ಆಗಿ ದುಡಿಯಾಕ ಆಗದಿದ್ರ ಗೂಟ ಆಗಿ ದುಡೀಲಿ. ನಾ ಕತ್ತರಸ್ತೀನಿ."

ಕಾಕಾ ಹೀರಾಳ ಕುತ್ತಿಗೆಯ ಕೂದಲನ್ನು ಬೆರಳಿನಿಂದ ಬಿಡಿಸಿದ. ಆಮೇಲೆ, "ಕುಂತ ತಿನ್ನೂದಕ್ಕ ಕುಂಕುಮ ಇಲ್ಲಂದ್ರ, ಮುಂದಿನ ವರ್ಷ ನನ್ನ ಹಣಿಗೂ ಹಚ್ಚೂದಿಲ್ಲೇನ್ಲೇ?" ಅಂದ.

"ನೀನೂ ದುಡಿ. ಚಾಕು ಕೊಡತೀನಿ, ಹೊಲಗಿ ಬಿಚ್ಚು."

ಬೈಯುತ್ತಾನೆ ಎಂದುಕೊಂಡಿದ್ದೆ. "ಚಾಕು ಮೊಂಡ ಇದ್ರ ನಾ ಮುಟ್ಟೂದಿಲ್ಲ ನೋಡು," ಅಂದ.

ಮರುದಿನದಿಂದ ಕೆಲಸ ಶುರು. ಖೋಲಿ ಮತ್ತೆ ಖಾಲಿ ಮಾಡಿದೆ. ಮೊದಲು ಗಾಳಿ. ಬಾಗಿಲಿನ ಎದುರಿನ ಗೋಡೆಯಲ್ಲಿ ಮೇಲ್ಗಡೆ ಎರಡು ಇಟ್ಟಂಗಿ ಕಿತ್ತು, ಆ ಕಂಡಿಗೆ ಹಳೆಯ ತಂತಿ ಜಾಳಿಗೆಯ ತುಂಡು ಬಡಿದೆ. ಬಾಗಿಲಿನ ಕೆಳಗೆ ಇಲಿ ಬರುವ ಸಂದಿಗೆ ಎಣ್ಣೆ ಡಬ್ಬಿ ಬಿಡಿಸಿದ ತಗಡು ಹೊಡೆದೆ. ಗೋಡೆಯ ಮೇಲೆ ಎದ್ದ ಉಪ್ಪಿನ ಲೋಣಿ ಕೆರೆದು ಸುಣ್ಣ ಬಳಿದು, ಪೂರ್ತಿ ಒಣಗುವವರೆಗೆ ಒಂದು ದಾರವನ್ನೂ ಒಳಗೆ ಬಿಡಲಿಲ್ಲ. ಹಸಿ ಸುಣ್ಣ ಗಾದಿಗೆ ಹತ್ತಿದರೆ ಅದು ಕುದುರೆಯ ಚರ್ಮ ಸುಡುತ್ತದೆ. ಕಾಳಿನ ಚೀಲ, ಎಣ್ಣೆ, ತಿನ್ನುವ ಯಾವ ವಸ್ತುವೂ ಇನ್ನು ಈ ಖೋಲಿಯಲ್ಲಿ ಇಲ್ಲ ಎಂದು ಮಾಡಿದೆ. ಅವು ಮುಚ್ಚಳದ ಡಬ್ಬಿಯಲ್ಲಿ ಅಡುಗೆ ಮನೆಯ ಹೊರಗಿನ ಕಟ್ಟೆಗೆ ಹೋದವು.

ಟಾಂಗಾದ ದಾಂಡಿಗಳು ಒಳ್ಳೆಯ ಕಟ್ಟಿಗೆ, ಹುಳ ಮುಟ್ಟಿರಲಿಲ್ಲ. ಮುರಿದ ತುದಿ ಬಿಟ್ಟು ಉಳಿದದ್ದನ್ನು ಗರಗಸದಿಂದ ಮೊಣಕೈ ಉದ್ದಕ್ಕೆ ಕೊಯ್ದು, ಗೋಡೆಯಲ್ಲಿ ತೂತು ಹೊಡೆದು, ಎರಡೆರಡು ಜೋಡಿಯಾಗಿ ಸಿಮೆಂಟಿನಲ್ಲಿ ಕೂರಿಸಿದೆ. ಒಂದು ಜೋಡಿಯ ಮೇಲೆ ಒಂದು ಜೀನು, ಕುದುರೆಯ ಮೇಲೆ ಕೂತಂತೆಯೇ ಕೂರುತ್ತದೆ, ಕೆಳಗಿನಿಂದ ಗಾಳಿ ಆಡುತ್ತದೆ. ಗರಗಸ ಮೊದಲ ಸಲ ದಾಂಡಿಗೆ ತಾಗಿದಾಗ ಕಾಕಾ ಎದ್ದು ಹಿತ್ತಲಿಗೆ ಹೋದ. ಕೊಯ್ದು ಮುಗಿಯುವವರೆಗೆ ಬರಲಿಲ್ಲ. ಬಂದ ಮೇಲೆ ಕೊಯ್ದ ತುದಿಗಳನ್ನು ಮುಟ್ಟಿ, "ಉಸುಕಿನ ಕಾಗದ ತಿಕ್ಕು, ಸಿಬರ ಎದ್ದಾವು," ಅಂದ.

ಲಗಾಮನ್ನು ಮೊಳೆಗೆ ಹಾಕಿದರೆ ತಲೆಯ ಪಟ್ಟಿ ಅಲ್ಲಿಯೇ ಮಡಿಚಿ ಸೀಳುತ್ತದೆ. ಅದಕ್ಕೆ ದುಂಡಗಿನ ಆಸರೆ ಬೇಕು. ಹೊಲದಲ್ಲಿ ಒಡೆದು ಬಿದ್ದಿದ್ದ ನೀರಿನ ಪೈಪನ್ನು ಗೇಣುದ್ದ ತುಂಡು ಮಾಡಿ, ಹಲಗೆಗೆ ಹೊಡೆದು, ಅವುಗಳ ಮೇಲೆ ಲಗಾಮು ಹಾಕಿದೆ. ನಾಲು ಬಡಿಯುವವನು ಬಂದಾಗ ಹಳೆಯ ನಾಲುಗಳನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ ಕೊಕ್ಕೆ ಮಾಡಿಕೊಟ್ಟ. ಹರಿದ ಜೀನುಗಳಿಂದ ಬಕಲು, ಕಬ್ಬಿಣದ ಉಂಗುರ, ಗಟ್ಟಿ ತೊಗಲು ಬಿಚ್ಚುವುದು ಕಾಕಾನ ಪಾಲು. ಅವನ ಕಣ್ಣು ಮಂದ, ಬೆರಳು ಚುರುಕು. ಎರಡು ಹಳೆಯ ತಂಗು ಸೇರಿಸಿ ಹೀರಾಳಿಗೆ ಒಂದು ಹೊಸದನ್ನು ಅವನೇ ಹೊಲಿದ. ಮಿಕ್ಕ ಪಟ್ಟಿಗಳು ಬಾಗಿಲಿನ ಹಿಂದೆ ಕುದುರೆಯ ಮೈ ತಿಕ್ಕುವ ಖರಾರಾ, ಬ್ರಷ್ಷು ತೂಗುಹಾಕುವ ಕುಣಿಕೆಗಳಾದವು. ಹರಿದ ಗಾದಿಗಳ ಅರಿವೆ ಒರೆಸುವ ಬಟ್ಟೆಯಾಯಿತು. ಒಳಗಿನ ಹತ್ತಿಯನ್ನು ಬಿಸಿಲಿಗೆ ಹಾಕಿ, ಹಿಂಜಿ, ಒಂದು ಚೀಲದಲ್ಲಿ ಕಟ್ಟಿಟ್ಟೆ. ಅಂಗಡಿಯಿಂದ ತಂದದ್ದು ಸಿಮೆಂಟು, ಸುಣ್ಣ, ಮೊಳೆ, ಮೇಣದ ದಾರ, ಔಡಲೆಣ್ಣೆ ಇಷ್ಟೇ.

ಟಾಂಗಾದ ಕೊರಳಪಟ್ಟಿ ಒಂದನ್ನು ಮಾತ್ರ ಕಾಕಾ ಬಿಚ್ಚಲು ಕೊಡಲಿಲ್ಲ. "ಇದೇನ ದುಡೀತೈತಿ?" ಎಂದು ಕೇಳಿದೆ. "ನನ್ನ ಕೂಡ ಮಾತಾಡತೈತಿ," ಅಂದ. ಅದನ್ನು ತನ್ನ ಹೊರಸಿನ ತಲೆಗಡೆಗೆ ತೂಗುಹಾಕಿಕೊಂಡ. ಖೋಲಿಯಿಂದ ಹೊರಗೆ ಹೋಯಿತಲ್ಲ, ನನಗೆ ಅಷ್ಟು ಸಾಕಿತ್ತು.

ಇನ್ನು ಜೋಡಿಸುವುದು. ಹಿಂದಿನಿಂದ ನಾವು ಜೀನೆಲ್ಲ ಒಂದು ಗುಡ್ಡೆ, ಅದರ ಕೆಳಗೆ ಗಾದಿಯೆಲ್ಲ ಒಂದು ಗುಡ್ಡೆ ಎಂದು ಇಡುತ್ತಿದ್ದೆವು. ಈ ಸಲ ಕುದುರೆಗೊಂದು ಗೋಡೆ ಮಾಡಿದೆ. ಎಡಗೋಡೆ ಹೀರಾಳದ್ದು, ಬಲಗೋಡೆ ರಾಜಾನದ್ದು. ಒಬ್ಬರ ಸಾಮಾನು ಇನ್ನೊಬ್ಬರ ಗೋಡೆಗೆ ಹೋಗಕೂಡದು. ಗೋಡೆಯ ಮೇಲೆ ಹೆಸರು ಬರೆಯಲು ಬ್ರಷ್ಷು ತೆಗೆದುಕೊಂಡಾಗ ಹೆಂಡತಿ ತಡೆದಳು.

"ನೀವು ಓದತೀರಿ. ನೀವು ಇಲ್ಲದಾಗ ಸಾಮಾನ ತಗದ ಇಡಾಕಿ ನಾ. ನನಗ ಓದಾಕ ಬರೂದಿಲ್ಲ. ಬಣ್ಣಾ ಹಚ್ರಿ."

ಎಡಗೋಡೆ ಬಿಳಿಯಾಗಿಯೇ ಉಳಿಯಿತು. ಬಲಗೋಡೆಗೆ ಕೆಮ್ಮಣ್ಣು ಬಳಿದೆವು. ಹೀರಾಳ ಪ್ರತಿ ಗಾದಿಯ ಮೂಲೆಗೆ ಅವಳು ಬಿಳಿ ದಾರ, ರಾಜಾನದ್ದಕ್ಕೆ ಕೆಂಪು ದಾರ ಹೊಲಿದಳು.

ಮತ್ತೊಂದು ಕಟ್ಟಳೆ ಮಾಡಿದೆ, ಎಲ್ಲಕ್ಕಿಂತ ದೊಡ್ಡದು. ಕುದುರೆಯ ಮೈಗೆ ಹತ್ತುವುದು ಬೇರೆ, ಜನರ ಕಣ್ಣಿಗೆ ಕಾಣುವುದು ಬೇರೆ. ಜರಿ, ಕುಚ್ಚು, ಕನ್ನಡಿ ಜೂಲು, ಹೂವಿನ ಮಾಲೆ ಎಲ್ಲವೂ ಕಬ್ಬಿಣದ ಟ್ರಂಕಿಗೆ. ಟ್ರಂಕಿಗೆ ಕೈ ಹಾಕಿದವರು ಗಾದಿ ಮುಟ್ಟುವ ಮೊದಲು ಕೈ ಜಾಡಿಸಬೇಕು. ಪ್ಲಾಸ್ಟಿಕ್ ಹೂವಿನ ತಂತಿಯನ್ನೆಲ್ಲ ಕಿತ್ತು ದಾರಕ್ಕೆ ಪೋಣಿಸಿದಳು ಹೆಂಡತಿ. ಗಾದಿಗಳನ್ನು ಬೆನ್ನಿಗೆ ತಾಗುವ ಮಗ್ಗುಲು ಹೊರಗೆ ಬರುವಂತೆ ತೂಗುಹಾಕಿದೆ. ತೆಗೆದುಕೊಳ್ಳುವವರ ಅಂಗೈ ಮೊದಲು ಅದರ ಮೇಲೆಯೇ ಬೀಳಬೇಕು.

ಕೆಲಸ ಮುಗಿದ ದಿನ ಕಾಕಾನನ್ನು ಖೋಲಿಯ ನಡುವೆ ನಿಲ್ಲಿಸಿ, "ಹೀರಾನ ತಂಗು ತಗೋ," ಅಂದೆ. ಅವನು ಕಣ್ಣು ಮುಚ್ಚಿಕೊಂಡೇ ಎಡಕ್ಕೆ ಕೈ ಚಾಚಿ ತೆಗೆದುಕೊಟ್ಟ. ಅವನಿಗೆ ಖುಷಿ ಆಯಿತೆಂದು ಗೊತ್ತಾಯಿತು, ಏಕೆಂದರೆ ಬೈದ. "ಇಷ್ಟ ಮಾಡಾಕ ಇಷ್ಟ ವರ್ಷ ಬೇಕಾತು ಮಗನಿಗೆ."

ವೈದ್ಯೆ ಬಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ಚರ್ಮ ಗಟ್ಟಿಯಾಗಿದೆ, ಜೀನು ಹಾಕಬಹುದು ಅಂದರು. ಖೋಲಿಯೊಳಗೂ ಒಂದು ಸುತ್ತು ಹೋಗಿ ಬಂದರು. ಫೀ ಎಂದಿನಷ್ಟೇ ತೆಗೆದುಕೊಂಡರು.

ಕಬ್ಬೂರಿನ ಲಗ್ನದ ದಿನ ಬ್ಯಾಂಡಿನ ಮಾಲಕ ನನಗಿಂತ ಮೊದಲೇ ಬಂದು ನಿಂತಿದ್ದ. "ಮಾಮಾ, ಜೀನ ಇಳಿಸಿ ಬೆನ್ನ ತೋರಸ್ರಿ."

"ಈಗ ನೋಡಿದ್ರ ಏನ ತಿಳೀತೈತ್ರಿ? ಮೆರವಣಿಗಿ ಮುಗೀಲಿ. ನಿಮ್ಮ ಮುಂದ ಇಳಸ್ತೀನಿ. ಆಗ ನೋಡ್ರಿ."

ನನ್ನ ಗರ್ವದ ಮಾತು ಅದು. ಬಾಯಿಂದ ಬಂದ ಮೇಲೆ ತಂಗನ್ನು ಇನ್ನೊಮ್ಮೆ ಮುಟ್ಟಿ ನೋಡಿದೆ. ಮದುಮಗ ಬಂದ, ಕಬ್ಬಿನ ಗಾಡಿ ಎಳೆಯುವ ಎತ್ತಿನ ಹಾಗೆ ದಪ್ಪ. ಅವನ ಮುಂದೆ ಅಕ್ಕನ ಮಗನನ್ನೂ ಕೂರಿಸಿದರು. ಮದುಮಗ ಬಗ್ಗಿ ನನ್ನ ಕಿವಿಯಲ್ಲಿ, "ಮಾಮಾ, ಜಿಗದ್ರ ಏನ ಹಿಡೀಲಿ?" ಅಂದ.

"ದೇವರನ್ನ," ಅಂದೆ. ಪಾಪ, ನಗಲಿಲ್ಲ.

ಊರು ಸುತ್ತಿ ಗುಡಿಗೆ, ಗುಡಿಯಿಂದ ಮಂಟಪಕ್ಕೆ. ಪಟಾಕಿ, ಗುಲಾಲು, ಬೆಂಜೋ. ನಾನು ಲಗಾಮು ಹಿಡಿದು ಹೀರಾಳ ಕಿವಿಗಳನ್ನೇ ನೋಡುತ್ತಾ ನಡೆದೆ. ಕುದುರೆಗೆ ಬೆನ್ನು ನೋಯುತ್ತಿದ್ದರೆ ಮೊದಲು ಕಿವಿ ಹಿಂದಕ್ಕೆ ಹೋಗುತ್ತವೆ. ಹೋಗಲಿಲ್ಲ. ಮದುಮಗ ಇಳಿದ, ಅಕ್ಷತೆಗೆ ಜನ ಒಳಗೆ ಸೇರಿದರು. ಅಂಗಳದ ಮೂಲೆಯಲ್ಲಿ ಮಾಲಕ ಕೈ ಕಟ್ಟಿ ನಿಂತ. ನಾನು ತಂಗು ಸಡಿಲಿಸಿ, ಜೀನು ಗಾದಿ ಒಟ್ಟಿಗೆ ಎತ್ತಿದೆ.

ಗಾಯ ಆಗಿದ್ದ ಜಾಗ ಹಾಗೆಯೇ ಇತ್ತು, ಚರ್ಮ ಗಟ್ಟಿ. ಸುತ್ತ ಬೆವರು ಒಂದೇ ಸಮ. ಮಾಲಕ "ಹಾಂ!" ಅಂದ. ಅಷ್ಟರಲ್ಲಿ ನನಗೆ ಇನ್ನೊಂದು ಕಾಣಿಸಿತು. ಬೆನ್ನಿನ ಬಲಗಡೆ, ಹಳೆಯ ಗಾಯದಿಂದ ದೂರ, ಎರಡು ಬೆರಳಿನಷ್ಟು ಅಗಲ ಒಣಗಿತ್ತು. ಅವನಿಗೆ ಅದು ಕಾಣುತ್ತಿರಲಿಲ್ಲ, ಕಂಡರೂ ತಿಳಿಯುತ್ತಿರಲಿಲ್ಲ. ಸುಮ್ಮನೆ ಚಿಂದಿ ತೆಗೆದುಕೊಂಡು ಒರೆಸಿಬಿಟ್ಟರೆ ಆಗುತ್ತಿತ್ತು. ಕೈಯಲ್ಲಿ ಚಿಂದಿ ಇತ್ತು ಕೂಡ.

"ಇಲ್ಲೆ ನೋಡ್ರಿ," ಅಂದೆ. "ಇಲ್ಲೆ ಬೆವತಿಲ್ಲ. ಅಂದ್ರ ಜೀನ ಒತ್ತೇತಿ. ಹಿಂಗ ಇನ್ನೆರಡ ಸಲ ಹೋದ್ರ ಇಲ್ಲೆ ಗಾಯ ಆಗತೈತಿ."

ಅವನು ಬಗ್ಗಿ ನೋಡಿದ, ಬೆರಳು ಇಟ್ಟು ನೋಡಿದ. "ಹಂಗಾರ ಕುದುರಿ ಕೆಲಸಕ್ಕ ಆತೋ ಇಲ್ಲೋ?"

"ಕುದುರಿ ನೆಟ್ಟಗ ಐತಿ. ಗಾದ್ಯಾಗ ಹತ್ತಿ ಗಡ್ಡಿ ಕಟ್ಟೇತಿ. ಗಾದಿ ಇಕೀದ, ಮೂಲ್ಯಾಗ ಬಿಳಿ ದಾರ ಐತಿ. ಹೊಲಗಿ ಬಿಚ್ಚಿ ಹತ್ತಿ ಹಿಂಜಿ ತುಂಬತೀನಿ."

"ಅವತ್ತ ರಾಯಬಾಗದಾಗ ರಕ್ತ ಬರೂತನಕ ನಿಮಗ ಗೊತ್ತಾಗಲಿಲ್ಲ."

"ಹೌದ್ರಿ. ಆಗ ಗೊತ್ತಾಗಲಿಲ್ಲ. ಈಗ ಗೊತ್ತಾಗತೈತಿ."

ಮಾಲಕ ನನ್ನ ಮುಖ ನೋಡಿದ, ಮಂಟಪದ ಕಡೆ ನೋಡಿದ, ಒಳಗಿನಿಂದ ಅಕ್ಷತೆಯ ಗದ್ದಲ ಕೇಳಿಸುತ್ತಿತ್ತು. "ನಾಡದ ಜುಗೂಳಾಗ ಐತಿ," ಅಂದ. "ಅಷ್ಟರಾಗ ಆಗತೈತೇನು?"

"ನಾಳಿ ಸಂಜಿಗೆ ಆಗತೈತಿ."

"ಹಂಗಾರ ಬರ್ರಿ. ಮಿರಜದವ್ರಿಗೆ ನಾ ಬ್ಯಾಡ ಅಂತೀನಿ."

ಊಟ ಮಾಡಿಕೊಂಡು ಹೋಗಿರಿ ಎಂದು ಬೀಗರು ಕೂಗಿದರು. ನಾನು ಹೀರಾಳಿಗೆ ಮೊದಲು ನೀರು ಕುಡಿಸಿ, ಆಮೇಲೆ ಪಂಕ್ತಿಯಲ್ಲಿ ಕುಳಿತೆ.

ಆ ಹಂಗಾಮು ಪೂರ್ತಿ ನಮ್ಮದೇ ಆಯಿತು. ಅಥಣಿ, ಕಾಗವಾಡದ ಕಡೆಗೂ ಹೋದೆವು. ಮುಂದೆ ಎರಡು ಸಲ ಒಣಗಿದ ತುಂಡು ಕಂಡಿತು, ಎರಡೂ ಸಲ ಗಾಯ ಆಗುವ ಮೊದಲೇ ಸರಿಮಾಡಿದೆ. ಈಗ ಹೀರಾಳಿಗೆ ವಯಸ್ಸಾಗಿದೆ, ಮೆರವಣಿಗೆಗೆ ಅವಳ ಮಗಳು ಹೋಗುತ್ತಾಳೆ. ಅವಳಿಗೆ ಖೋಲಿಯಲ್ಲಿ ಹಿಂದಿನ ಗೋಡೆ ಕೊಟ್ಟಿದ್ದೇವೆ.

ಈಗ ನನ್ನಲ್ಲಿ ಇರುವುದು ಇಷ್ಟು: ಕುದುರೆ ಮೂರು. ಜೀನು ಮೂರು. ಗಾದಿ ಆರು. ಲಗಾಮು ನಾಲ್ಕು, ಒಂದು ಹೆಚ್ಚಿನದು. ತಂಗು ಮೂರು. ಟ್ರಂಕು ಒಂದು. ಔಡಲೆಣ್ಣೆ ಅರ್ಧ ಡಬ್ಬಿ. ನೆಲದ ಮೇಲೆ ಏನೂ ಇಲ್ಲ.